ಮೊದಲ ಸಾಲಿನ ಶ್ರೀ

ನೌಕರಿ ಮುಗಿಯುವವರೆಗೂ ಮಕ್ಕಳಿಗೆ ಕನ್ನಡ ಕಲಿಸಿದವಳು ನಾನು. ಕರಿಹಲಗೆಯ ಮೇಲೆ ಮೊದಲು ಶ್ರೀ, ಆಮೇಲೆ ಪಾಠ. ಕಿರಾಣಿ ಅಂಗಡಿಗೆ ಚೀಟಿ ಬರೆದರೂ ಉದ್ದಿನಬೇಳೆಯ ತಲೆಯ ಮೇಲೆ ಒಂದು ಶ್ರೀ ಬೀಳಲೇಬೇಕು. ಹೀಗಿರುವಾಗ ನನ್ನ ಗಂಡ ನನ್ನನ್ನು ಹಳೆಯ ಲ್ಯಾಪ್‌ಟಾಪಿನ ಮುಂದೆ ಕೂರಿಸಿ "ಬರಿ" ಅಂದಾಗ ನಾನು ಇನ್ನೇನು ಬರೆಯುತ್ತೇನೆ? ಅಕ್ಷರವನ್ನು ಕನ್ನಡಕ್ಕೆ ಬದಲಿಸಿ, ಶ್ರೀ ಒತ್ತಿ, ಮತ್ತೆ ಇಂಗ್ಲಿಷಿಗೆ ಬದಲಿಸಿ, ಕೆಳಗಿನ ಸಾಲಿಗೆ ಬಂದೆ. ಬರೆದದ್ದನ್ನೆಲ್ಲ ಓದಿ ಹೇಳುವ ಯಂತ್ರದ ದನಿ ಅದನ್ನೂ ಓದಿಬಿಟ್ಟಿತು.

"ಲೇ, ಏನ್ ಬರದಿ?" ಅಂದರು.

"ಶ್ರೀ."

"ಇದು ಸರ್ಕ್ಯೂಟು. ಮದುವಿ ಕಾರ್ಡ್ ಅಲ್ಲ. ತಪ್ಪು ಅಂತದ ನೋಡು."

"ತಪ್ಪಂದ್ರ ಅಳಸ್ತೀನಿ. ನೀವು ಮುಂದಿಂದು ಹೇಳ್ರಿ."

ಅದು ತಪ್ಪು ಅನ್ನಲಿಲ್ಲ. ಬರೆದದ್ದನ್ನು ಪ್ರೋಗ್ರಾಮಿಗೆ ಕೊಟ್ಟು ಓಡಿಸಿದ ಕೂಡಲೇ "ಸರ್ಕ್ಯೂಟ್, ಶ್ರೀ" ಎಂದು ಕೂಗಿ, ಕೆಳಗಿನ ಸಾಲುಗಳ ಲೆಕ್ಕ ಸುಸೂತ್ರವಾಗಿ ಮಾಡಿಕೊಟ್ಟಿತು. ನನ್ನ ಗಂಡ ನಕ್ಕರು. ಬಹಳ ದಿನಗಳ ಮೇಲೆ ನಕ್ಕಿದ್ದರು. ಯಂತ್ರ ಶ್ರೀಯನ್ನು ಯಾಕೆ ಒಪ್ಪಿಕೊಂಡಿತು ಎಂದು ಆ ನಗುವಿನಲ್ಲಿ ಇಬ್ಬರೂ ಯೋಚಿಸಲಿಲ್ಲ. ಅಂದಿನಿಂದ ನಮ್ಮ ಪ್ರತಿ ಫೈಲಿನ ತಲೆಯ ಮೇಲೂ ಶ್ರೀ ಇತ್ತು.

ಅವರು ಸಂಡೂರು ಕಡೆಯ ಒಂದು ಕಾರ್ಖಾನೆಯಲ್ಲಿ, ಕುಲುಮೆಯ ಬಿಸಿ ಅಳೆಯುವ ಉಪಕರಣಗಳ ವಿಭಾಗದಲ್ಲಿದ್ದರು. ಸಂಜೆ ಚಿತ್ತವಾಡ್ಗಿಯ ನಮ್ಮ ಮನೆಗೆ ಬಂದರೆ ಕಾಲರಿನ ತುಂಬ ಕೆಂಪು ಧೂಳು. ಅದನ್ನು ಕೊಡವುವಷ್ಟೂ ಪುರುಸೊತ್ತಿಲ್ಲದೆ ಯಾರದೋ ಆಂಪ್ಲಿಫೈಯರ್ ಬಿಚ್ಚಿಕೊಂಡು ಕೂರುತ್ತಿದ್ದರು. ಊಟದ ತಟ್ಟೆಯ ಪಕ್ಕದಲ್ಲಿ ಪೆನ್ಸಿಲು, ಹಾಳೆ. ಸಾರು ಬಿದ್ದ ಸರ್ಕ್ಯೂಟ್ ಚಿತ್ರಗಳನ್ನು ನಾನು ಎಷ್ಟು ಒರೆಸಿದ್ದೇನೋ ಲೆಕ್ಕವಿಲ್ಲ. ಬೈದರೆ, "ತಲ್ಯಾಗ ಇದ್ದದ್ದು ಕಣ್ಣಿಗೆ ಕಾಣಬೇಕು, ಆವಾಗ ತಿಳೀತದ" ಅನ್ನುತ್ತಿದ್ದರು.

ಆ ಕಣ್ಣೇ ಕೈಕೊಟ್ಟಿತು. ಒಮ್ಮೆ ನೆಂಟರನ್ನು ಕರೆದುಕೊಂಡು ಹಂಪಿಗೆ ಹೋಗಿದ್ದೆವು. ಹೊಳೆಗೆ ಇಳಿಯುವ ಮೆಟ್ಟಿಲ ಮೇಲೆ, ಪಕ್ಕದಲ್ಲಿ ಕೂತು ಬಟ್ಟೆ ಹಿಂಡುತ್ತಿದ್ದ ಹೆಂಗಸನ್ನು ತುಳಿದುಬಿಟ್ಟರು. ಆಕೆ ಬೈದಳು, ನಾನೂ ಬೈದೆ. "ಖರೇನ ಕಾಣ್ಲಿಲ್ಲ ಲೇ" ಅಂದಾಗ ಅವರ ಮುಖ ಬಿಳಿಚಿಕೊಂಡಿತ್ತು. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಒಣಗುತ್ತಿದೆ, ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳೋಣ ಎಂದರು ಡಾಕ್ಟರು. ಹನಿ ಔಷಧಿ ಹಾಕಿದೆವು, ಆಪರೇಷನ್ ಮಾಡಿಸಿದೆವು. ಉಳಿಯಲಿಲ್ಲ. ಮೊದಲು ಅಂಚುಗಳು ಹೋದವು, ಆಮೇಲೆ ನಡುವಿನದೂ. ಹೊರಗಿನಿಂದ ನೋಡಿದರೆ ಮಾತ್ರ ಏನೂ ಆಗಿಲ್ಲದ ಕಣ್ಣು, ಕಪ್ಪಗೆ, ಮಿಂಚುತ್ತಾ. ನನಗೆ ಅದೇ ಹೆಚ್ಚು ಸಿಟ್ಟು ತರಿಸುತ್ತಿತ್ತು.

ನಡುವೆ ನನ್ನ ಅತ್ತೆಯ ಪ್ರಸಂಗ ಬಂತು. ಆಕೆ ಮೆಟ್ರಿ ಎಂಬ ಹಳ್ಳಿಯಲ್ಲಿ ಒಬ್ಬರೇ ಇದ್ದರು, ಗಟ್ಟಿ ಜೀವ. ಕಿವಿ ಮಾತ್ರ ಪೂರಾ ಮಂದವಾಗಿತ್ತು. ಕಾಲುವೆ ದಾರಿಯಲ್ಲಿ ಹಿಂದಿನಿಂದ ಭತ್ತದ ಟ್ರ್ಯಾಕ್ಟರು ಬಂದು ಹಾರ್ನ್ ಹೊಡೆದರೂ ಸರಿಯದೆ, ಚಕ್ರ ಸೆರಗಿಗೆ ತಾಗುವಷ್ಟು ಹತ್ತಿರ ಬಂದು ಪಾರಾದರು. ಅದನ್ನು ಕೇಳಿದ ಮೇಲೆ ಮಗ ಸುಮ್ಮನಿರಲಿಲ್ಲ, ಹಟ ಹಿಡಿದು ಕರೆತಂದರು. ಆಗ ನನ್ನ ಗಂಡನಿಗೆ ನಡುವಿನ ಒಂದಿಷ್ಟು ದೃಷ್ಟಿ ಇನ್ನೂ ಇತ್ತು. ತಾಯಿಗೆ ಯಾಕೆ ದುಃಖ ಎಂದು ಕಣ್ಣು ಹೋಗುತ್ತಿರುವುದನ್ನು ಹೇಳಿರಲಿಲ್ಲ. ಮೆಟ್ರಿಯ ಮನೆಗೆ ಬೀಗ ಹಾಕುವಾಗ ಅತ್ತೆ ಅಂಗಳದಲ್ಲಿ ನಿಂತು, ಓಣಿಯವರೆಲ್ಲರ ಎದುರು ಕೈ ತಿರುವಿ ಅಂದರು: "ಕಣ್ಣಿದ್ದೂ ಕುರುಡ ಆಗ್ಯಾನ ನನ್ನ ಮಗ. ಆಗ್ಲಿ, ಖರೇನ ಆಗ್ಲಿ!"

ಸಿಟ್ಟಿನ ಬಾಯಿ. ಓಣಿಯವರು ನಕ್ಕರು. ಕಾರಿನ ಬಾಗಿಲು ಹಿಡಿದು ನಿಂತಿದ್ದ ನಾವಿಬ್ಬರು ನಗಲಿಲ್ಲ.

ಮುಂದಿನ ಬೇಸಗೆಯ ಹೊತ್ತಿಗೆ ಅವರಿಗೆ ಪೂರಾ ಕತ್ತಲೆ. ಅದನ್ನು ಅವ್ವನಿಗೆ ಹೇಗೆ ಹೇಳುವುದು? ಆಕೆಗೆ ಓದು ಬಾರದು. ಕಿವಿ ಕೇಳದು. ಸನ್ನೆ ಮಾಡಿ ಕಣ್ಣು ತೋರಿಸಿ, ಕೈ ಅಲ್ಲಾಡಿಸಿದರೆ "ಕಣ್ಣು ಹೋಯಿತು" ಎಂದು ತಿಳಿಯುತ್ತದೆ. ಅಷ್ಟು ತಿಳಿದ ಕ್ಷಣವೇ ಮೆಟ್ರಿಯ ಅಂಗಳದಲ್ಲಿ ತಾನು ಆಡಿದ್ದು ನೆನಪಾಗುತ್ತದೆ. ಅದಕ್ಕೂ ಮೊದಲೇ ಹೋಗುತ್ತಿತ್ತು ಅನ್ನುವುದನ್ನು ಯಾವ ಕೈಯಲ್ಲಿ ತೋರಿಸುವುದು? ನಾನು ಕನ್ನಡಿಯ ಮುಂದೆ ನಿಂತು ಪ್ರಯತ್ನ ಮಾಡಿ ನೋಡಿದ್ದೇನೆ. ಬೆನ್ನ ಹಿಂದೆ ಕೈ ತೋರಿಸಿದೆ, ಹೊತ್ತು ಮುಳುಗುವ ದಿಕ್ಕು ತೋರಿಸಿದೆ. "ಮೊದಲು" ಅನ್ನುವ ಮಾತಿಗೆ ಸನ್ನೆಯೇ ಇಲ್ಲ.

"ನನ್ನ ದನೀಲೇ ಹೇಳ್ತೀನಿ" ಎಂದರು ಅವರು. "ಒಂದ್ ಸಲ ಕೇಳಿಸಿದ್ರ ಸಾಕು. ಅಲ್ಲೀತನಕ ಯಾರೂ ಹೇಳಬ್ಯಾಡ್ರಿ."

ಆದ್ದರಿಂದ ಮುಚ್ಚಿಟ್ಟೆವು. ಮನೆಯೊಳಗೆ ಅವರು ಎಡವುತ್ತಿರಲಿಲ್ಲ, ಪ್ರತಿ ಹೊಸ್ತಿಲೂ ಕಾಲಿಗೆ ಗೊತ್ತಿತ್ತು. ಅತ್ತೆಯ ಕಣ್ಣಿಗೂ ಪೊರೆ ಬಂದಿತ್ತು, ಆಕೆಗೆ ಕಾಣುತ್ತಿದ್ದದ್ದು ಒಂದೇ: ಮಗ ತನ್ನ ಮುಖ ನೋಡುವುದಿಲ್ಲ. ಪಡಸಾಲೆಯಲ್ಲಿ ಕೂತು ಕೇಳುತ್ತಿದ್ದರು, "ಮೆಟ್ರಿ ಮಾತು ಇನ್ನೂ ಮನಸಿನ್ಯಾಗ ಇಟ್ಕೊಂಡಿಯೇನಪಾ? ನನ್ನ ಮಾರಿ ನೋಡಬಾರ್ದು ಅಂತ ಆಣಿ ಮಾಡೀಯೇನು?" ಮಗನಿಗೆ ಆ ಮಾತು ಚೆನ್ನಾಗಿ ಕೇಳುತ್ತಿತ್ತು. ಅವರು ದನಿ ಬಂದ ಕಡೆ ತಿರುಗಿ ಇಲ್ಲ ಇಲ್ಲ ಎಂದು ತಲೆ ಅಲ್ಲಾಡಿಸುತ್ತಿದ್ದರು. ತಿರುಗಿದ್ದು ಒಂದಿಷ್ಟು ಆಚೀಚೆ ಆಗುತ್ತಿತ್ತು. ಆಕೆ ನನ್ನ ಕಡೆ ನೋಡಿ, "ನೋಡಿದೇನವಾ? ಗ್ವಾಡಿಗೆ ಹೇಳ್ತಾನ, ನನಗಲ್ಲ" ಅನ್ನುತ್ತಿದ್ದರು. ನಾನು ಒಳಗೆ ಹೋಗಿ ನಲ್ಲಿ ತಿರುವಿ, ಪಾತ್ರೆ ತೊಳೆಯುವ ನೆವದಲ್ಲಿ ಅಳುತ್ತಿದ್ದೆ.

ಕಿವಿಗೆ ಹಾಕುವ ಮಷೀನು ತರಲಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ತಂದೆವು. ಒಂದಲ್ಲ, ಎರಡು. ಕುಕ್ಕರಿನ ಸೀಟಿ, ಆಟೋದ ಹಾರ್ನು, ಫ್ಯಾನಿನ ಗರಗರ ಎಲ್ಲವೂ ಒಳಗೆ ನುಗ್ಗಿ ಆಕೆಯ ತಲೆ ಸಿಡಿಯಿತು. ಕಿತ್ತು ಎಲೆಅಡಿಕೆ ಡಬ್ಬಿಯೊಳಗೆ ಹಾಕಿ, "ಇದರಾಗ ಎಲ್ಲಾ ಕೇಳಸ್ತದ, ಮನಷ್ಯಾರ ಮಾತೊಂದ ಇಲ್ಲ" ಎಂದು ಡಬ್ಬಿ ಮುಚ್ಚಿದರು. ಕೈಮುಗಿದರೂ ಮತ್ತೆ ಹಾಕಲಿಲ್ಲ.

ಆಗ ನನ್ನ ಗಂಡನಿಗೆ ಮೆಟ್ರಿ ಮನೆಯ ಹಳೆಯ ಲ್ಯಾಂಡ್‌ಲೈನ್ ಫೋನು ನೆನಪಾಯಿತು. ಕಿವಿ ಮಂದವಾದ ಮೇಲೂ ಅತ್ತೆ ಆ ಕಪ್ಪು ರಿಸೀವರನ್ನು ಬಲಗಿವಿಗೆ ಒತ್ತಿ ಹಿಡಿದು ಬಹಳ ಕಾಲ ಮಾತಾಡುತ್ತಿದ್ದರು. ಅದನ್ನು ಕೈಗೆ ಕೊಟ್ಟರೆ ಬೇಡ ಅನ್ನಲಾರರು, ಅದು ರೂಢಿಯ ವಸ್ತು. ಒಂದು ಪುಟ್ಟ ಡಬ್ಬಿ, ಅದರ ಒಂದು ಕಡೆ ಮೈಕು, ಇನ್ನೊಂದು ಕಡೆ ಆ ರಿಸೀವರು. ನಡುವಿನ ಸರ್ಕ್ಯೂಟು ಗರಗರ ತೆಗೆದು ಮನುಷ್ಯರ ದನಿಯನ್ನಷ್ಟೇ ಎತ್ತಿಕೊಡಬೇಕು. ಹಿಂದೆ ಇಂಥದ್ದನ್ನು ಅವರು ಒಂದು ಭಾನುವಾರದಲ್ಲಿ ಮುಗಿಸುತ್ತಿದ್ದರು. ಈಗ ಚಿತ್ರ ಬಿಡಿಸುವವರು ಯಾರು, ಮೀಟರು ನೋಡುವವರು ಯಾರು?

ದಾರಿ ಸಿಕ್ಕಿದ್ದು ಮೊಬೈಲಿನಲ್ಲಿ. ತನಗೂ ಕಣ್ಣಿಲ್ಲ ಎಂದ ಯಾರೋ ಎಂಜಿನಿಯರು ಇಂಗ್ಲಿಷಿನಲ್ಲಿ ಮಾತಾಡಿದ್ದನ್ನು ಅವರು ಕೇಳುತ್ತಿದ್ದರು. ಸರ್ಕ್ಯೂಟನ್ನು ಬಿಡಿಸಲೇಬೇಕೆಂದಿಲ್ಲ, ಸಾಲು ಸಾಲಾಗಿ ಬರೆದರೂ ಸಾಕು, ಅದನ್ನು ಓದಿ ಎಲ್ಲಿ ಎಷ್ಟು ವೋಲ್ಟು ಎಂದು ಹೇಳುವ ಪ್ರೋಗ್ರಾಮ್ ಪುಕ್ಕಟೆ ಸಿಗುತ್ತದೆ ಎಂದನಂತೆ ಆತ. ಕಾರ್ಖಾನೆಯ ಹಳೆಯ ಗೆಳೆಯರೊಬ್ಬರು ಬಂದು ಅದನ್ನೂ, ಓದಿ ಹೇಳುವ ದನಿಯನ್ನೂ ಹಾಕಿಕೊಟ್ಟರು. ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ನನಗೆ ಪ್ಲಗ್ಗಿನ ಎರಡು ಕಡ್ಡಿಗಳಲ್ಲಿ ಕರೆಂಟು ಯಾವುದರಲ್ಲಿ ಅನ್ನುವುದೂ ಗೊತ್ತಿರಲಿಲ್ಲ. ಅವರು ತಾಳ್ಮೆಯಿಂದ ಹೇಳಿದರು ಎಂದು ಬರೆದರೆ ಸುಳ್ಳಾಗುತ್ತದೆ. ಹೇಳಿದರು, ಅಷ್ಟೇ. ತಂತಿಗಳು ಕೂಡುವ ಪ್ರತಿ ಗಂಟಿಗೂ ಒಂದು ಸಂಖ್ಯೆ. ನೆಲಕ್ಕೆ ಸೊನ್ನೆ. ಒಂದು ಸಾಲಿಗೆ ಒಂದು ವಸ್ತು: ಮೊದಲು ಅದರ ಹೆಸರು, ಆಮೇಲೆ ಯಾವ ಗಂಟಿನಿಂದ ಯಾವ ಗಂಟಿಗೆ, ಕೊನೆಗೆ ಅದರ ಅಳತೆ. ನನಗೆ ಇದು ಮದುವೆಮನೆಯಲ್ಲಿ ಮುದುಕಿಯರು ಪರಿಚಯ ಹೇಳಿದ ಹಾಗೆ ಕೇಳಿಸಿತು. ಇಂಥವಳು, ಇಂಥ ಮನೆಯಿಂದ ಇಂಥ ಮನೆಗೆ ಕೊಟ್ಟದ್ದು. ಹಾಗೆ ಅಂದುಕೊಂಡ ಮೇಲೆ ಸಲೀಸಾಯಿತು.

ಹೆಸರಿನ ಮೊದಲ ಅಕ್ಷರ ವಸ್ತುವಿನ ಜಾತಿ ಹೇಳಬೇಕು. ರೆಸಿಸ್ಟರಿಗೆ ಆರ್, ವಿದ್ಯುತ್ತು ಕೊಡುವುದಕ್ಕೆ ವಿ. ಅದರ ಮುಂದೆ ಏನು ಬೇಕಾದರೂ ಇಟ್ಟುಕೊಳ್ಳಬಹುದು. ಮೈಕಿನಿಂದ ಬರುವ ದನಿಗೆ ಅವರು "ವಿ-ಮಗ" ಎಂದು ಹೆಸರಿಟ್ಟರು. ಕೊನೆಯ ಗಂಟಿನಲ್ಲಿದ್ದ ರಿಸೀವರಿಗೆ "ಆರ್-ಅವ್ವ". ಯಂತ್ರ ಅದನ್ನು ಕೂಡಿಸಿ "ರವ್ವ" ಎಂದು ಓದಿತು.

"ಅತ್ತಿನ್ನ ಉಪ್ಪಿಟ್ಟಿಗೆ ಹಾಕಿದ್ರಿ ನೋಡ್ರಿ" ಎಂದೆ.

"ಸುಮ್ನ ಬರಿ" ಎಂದರು. ಆದರೆ ತುಟಿ ಅರಳಿತ್ತು.

ಮೊದಮೊದಲು ಎಲ್ಲವೂ ತಪ್ಪು. ಒಮ್ಮೆ ನಾಲ್ಕನೆಯ ಗಂಟನ್ನು ಯಾವುದಕ್ಕೂ ಸೇರಿಸದೆ ತೇಲಿಬಿಟ್ಟಿದ್ದೆ, ಯಂತ್ರ ಲೆಕ್ಕ ಮಾಡಲಾರೆ ಎಂದಿತು. ಒಮ್ಮೆ ಟ್ರಾನ್ಸಿಸ್ಟರಿನ ಮೂರು ಕಾಲುಗಳನ್ನು ಹಿಂದುಮುಂದು ಮಾಡಿದ್ದೆ. ಅವರು ಕೂಗಾಡುತ್ತಿದ್ದರು, ನಾನು ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋಗುತ್ತಿದ್ದೆ. ಒಂದರ್ಧ ಗಂಟೆಯಾದ ಮೇಲೆ ಗೋಡೆ ಹಿಡಿದುಕೊಂಡು ಅಡುಗೆಮನೆ ಬಾಗಿಲಿಗೆ ಬಂದು, "ಚಾ ಮಾಡಿದೇನು?" ಅನ್ನುತ್ತಿದ್ದರು. ಅದೇ ಅವರ ಕ್ಷಮಾಪಣೆ. ಮತ್ತೆ ಕೂರುತ್ತಿದ್ದೆವು.

ಒಂದು ಮಧ್ಯಾಹ್ನ ಅದು ಸರಿ ಬಂತು. "ಸರ್ಕ್ಯೂಟ್, ಶ್ರೀ" ಎಂದು ಯಂತ್ರ ಶುರು ಮಾಡಿತು. ಆಮೇಲೆ ಅವ್ವನ ಗಂಟಿಗೆ ತಲುಪಿದ ವೋಲ್ಟುಗಳನ್ನು ಒಂದೊಂದಾಗಿ ಓದತೊಡಗಿತು. ಸಂಖ್ಯೆ ಏರಿತು, ಏರಿ ನಿಂತಿತು, ಇಳಿಯಿತು, ಸೊನ್ನೆ ದಾಟಿ ಕೆಳಗೆ ಹೋಗಿ ಮತ್ತೆ ಏರಿತು. ಅವರು ಬಲಗೈ ಮುಂದೆ ಚಾಚಿ, ಸಂಖ್ಯೆಗಳ ಜೊತೆ ಅಂಗೈಯನ್ನು ಮೇಲೆ ಕೆಳಗೆ ಆಡಿಸುತ್ತಿದ್ದರು, ತೊಟ್ಟಿಲು ತೂಗಿದ ಹಾಗೆ. "ಮುಟ್ಟಿತು ಲೇ. ನನ್ನ ದನಿ ಅಕಿಗೆ ಮುಟ್ಟಿತು" ಎಂದರು. ಪಡಸಾಲೆಯಲ್ಲಿ ಅತ್ತೆ ತಮ್ಮಷ್ಟಕ್ಕೆ ಅಕ್ಕಿ ಆರಿಸುತ್ತಾ ಕೂತಿದ್ದರು. ಕಾಗದದ ಮೇಲೆ ಕೂಡ ಇಲ್ಲದ ಆ ಸರ್ಕ್ಯೂಟಿಗಾಗಿ ಅಂದು ನಾನು ಕೇಸರಿಬಾತ್ ಮಾಡಿದೆ. ಅತ್ತೆ ಎರಡು ಸಲ ಹಾಕಿಸಿಕೊಂಡು, "ಏನ್ ಹಬ್ಬನವಾ?" ಎಂದರು. ನಾನು ನಕ್ಕು ಇನ್ನೊಂದು ಚಮಚ ಬಡಿಸಿದೆ.

ಬಿಡಿಭಾಗ ತಂದದ್ದಾಯಿತು. ಬೆಸುಗೆ ಹಾಕಿ ಡಬ್ಬಿ ಕಟ್ಟಲು ಗೆಳೆಯರು ಒಯ್ದರು. ಆ ವಾರವೇ ಅತ್ತೆಗೆ ಜ್ವರ ಬಂತು. ನೆಗಡಿ ಎಂದುಕೊಂಡೆವು. ಅದು ಎದೆಗೆ ಇಳಿಯಿತು, ಊರಿನ ಒಂದು ಆಸ್ಪತ್ರೆಗೆ ಸೇರಿಸಿದೆವು. ಗೆಳೆಯರಿಗೆ ಫೋನ್ ಮಾಡಿದರೆ, "ಇವತ್ತು ನಾಳೆ ಕೊಟ್ಟುಬಿಡ್ತೀನ್ರಿ, ಒಂದ್ ಸೀಟಿ ಬರಾಕ ಹತ್ತೈತಿ, ಅದನ್ನ ತಗದು ತರ್ತೀನಿ" ಎಂದರು. ಅವರದೇನೂ ತಪ್ಪಿಲ್ಲ. ಸೀಟಿ ಬರುವ ಮಷೀನನ್ನು ಆಕೆಯ ಕಿವಿಗೆ ಕೊಡಬೇಡಿ ಎಂದು ಮೊದಲೇ ಹೇಳಿದ್ದು ನನ್ನ ಗಂಡನೇ.

ಮರುದಿನ ಮಧ್ಯಾಹ್ನ ಮಂಚದ ಪಕ್ಕದಲ್ಲಿ ಮಗ ಕೂತಿದ್ದರು. ಅತ್ತೆ ಬಹಳ ಹೊತ್ತು ಅವರನ್ನೇ ನೋಡುತ್ತಿದ್ದರು. ಇಷ್ಟು ಹತ್ತಿರದಿಂದ ನೋಡಿ ಎಷ್ಟೋ ದಿನವಾಗಿತ್ತೇನೋ. ನಿಧಾನವಾಗಿ ಕೈ ಎತ್ತಿ ಮಗನ ಕಣ್ಣ ಮುಂದೆ ಬೆರಳು ಆಡಿಸಿದರು. ರೆಪ್ಪೆ ಮಿಟುಕಲಿಲ್ಲ. ಇನ್ನೊಮ್ಮೆ ಆಡಿಸಿದರು. ನಾನು ಗಂಡನ ಭುಜ ಮುಟ್ಟಿ ಎಚ್ಚರಿಸುವಷ್ಟರಲ್ಲಿ ಕಾಲ ಮಿಂಚಿತ್ತು.

"ಕಾಣಂಗಿಲ್ಲೇನಪಾ ನಿನಗ?"

ಇನ್ನು ಮುಚ್ಚಿಡುವುದು ಏನೂ ಉಳಿಯಲಿಲ್ಲವಲ್ಲ, ಅವರು ಹೂಂ ಎಂದು ಗೋಣು ಹಾಕಿದರು.

"ನಾ ಅಂದದ್ದ ಹತ್ತಿತು" ಎಂದರು ಅತ್ತೆ.

ಅವರು ತಾಯಿಯ ಕಿವಿಗೆ ಬಾಯಿ ಹಚ್ಚಿ ಕೂಗಿದರು. "ಅವ್ವಾ, ನಿನ್ನ ಮಾತಿಗಲ್ಲ! ಅದಕ್ಕೂ ಮೊದ್ಲ ಹೋಗಿದ್ವು! ಅವ್ವಾ, ಮೊದ್ಲ!" ವಾರ್ಡಿನವರೆಲ್ಲ ತಿರುಗಿ ನೋಡಿದರು. ನರ್ಸ್ ಓಡಿಬಂದಳು. ಅಷ್ಟೂ ಜನರಿಗೆ ಕೇಳಿಸಿತು, ಆಕೆಗೆ ಕೇಳಿಸಲಿಲ್ಲ. ಅವರು ಇಲ್ಲ ಇಲ್ಲ ಎಂದು ಜೋರಾಗಿ ತಲೆ ಅಲ್ಲಾಡಿಸಿದರು. ಅತ್ತೆ ಎರಡೂ ಕೈಯಿಂದ ಆ ತಲೆಯನ್ನು ಹಿಡಿದು ನಿಲ್ಲಿಸಿ, "ಇಲ್ಲ ಅಂತೀ. ತಾಯಿ ಅಂತ ಸುಳ್ಳ ಹೇಳ್ತಿ" ಎಂದು ಮಗನ ಎರಡೂ ಕಣ್ಣಿನ ಮೇಲೆ ಹೆಬ್ಬೆರಳು ಸವರಿದರು.

ಅದೇ ಕೊನೆಯ ಮಾತು. ಬೆಳಗಾಗುವಷ್ಟರಲ್ಲಿ ಹೋದರು. ಮೆಟ್ರಿಗೆ ಒಯ್ದು ಮಾವನವರ ಪಕ್ಕದಲ್ಲೇ ಮಣ್ಣು ಮಾಡಿದೆವು. ಮಗ ಬೊಗಸೆ ಮಣ್ಣು ಹಾಕುವಾಗ ದಿಕ್ಕು ತಪ್ಪದಂತೆ ನಾನು ಮೊಣಕೈ ಹಿಡಿದಿದ್ದೆ.

ಸಾವೆಂದರೆ ಶಿವನ ಮನೆಗೆ ಹೋಗುವುದು, ನಮ್ಮವರಲ್ಲಿ ಸೂತಕವೆಂಬುದಿಲ್ಲ ಎಂದು ಹಿರಿಯರು ಹೇಳುತ್ತಾರೆ. ಹೇಳುವವರೂ ಸಾವಿನ ಕಾಗದದ ತಲೆಯ ಮೇಲೆ ಶ್ರೀ ಬರೆಯುವುದಿಲ್ಲ. ತೀರಿಕೊಂಡವರಿಗೆ ಮಾಡುವ ಶಿವಗಣಾರಾಧನೆಯ ಕಾರ್ಡು ಮಾಡಿಸಲು ಹೋದಾಗ ಪ್ರೆಸ್ಸಿನವರು, "ಮ್ಯಾಲೆ ಶ್ರೀ ಹಾಕಂಗಿಲ್ಲಲ್ರೀ ಅಕ್ಕಾರ?" ಎಂದು ಕೇಳಿ ಖಾತ್ರಿ ಮಾಡಿಕೊಂಡರು. ಹಾಕಬ್ಯಾಡ್ರಿ ಎಂದೆ. ಆ ದಿನಗಳಲ್ಲಿ ಹಾಲಿನವನ ಚೀಟಿಯ ಮೇಲೂ ನಾನು ಶ್ರೀ ಬರೆಯಲಿಲ್ಲ.

ಗೆಳೆಯರು ಡಬ್ಬಿ ತಂದುಕೊಟ್ಟು, ಕೈಮುಗಿದು ಹೋದರು. ಅದನ್ನು ದೇವರ ಗೂಡಿನ ಕೆಳಗಿನ ಹಲಗೆಯ ಮೇಲೆ ಇಟ್ಟೆ. ನನ್ನ ಗಂಡ ಅದನ್ನು ಮುಟ್ಟಲಿಲ್ಲ. ಮಾತೂ ಆಡಲಿಲ್ಲ. ಬಂದವರಿಗೆಲ್ಲ ಗೋಣು ಹಾಕುವುದು, ತಲೆ ಅಲ್ಲಾಡಿಸುವುದು, ಅಷ್ಟೇ. ಅವ್ವನ ಜೊತೆ ಆಡಿದ ಭಾಷೆಯನ್ನೇ ಎಲ್ಲರ ಜೊತೆ ಆಡುತ್ತಿದ್ದಾರೆ ಅನಿಸಿ ನನಗೆ ಹೆದರಿಕೆಯಾಯಿತು.

ಆರಾಧನೆಗೆ ಇನ್ನೂ ಒಂದೆರಡು ದಿನ ಇರುವಾಗ, ಊಟವಾದ ಮೇಲೆ, "ಲ್ಯಾಪ್‌ಟಾಪ್ ತಗಿ" ಎಂದರು. ಹಳೆಯ ಫೈಲು ತೆರೆಯಲೇ ಎಂದೆ. "ಬ್ಯಾಡ. ಹೊಸದು ಬರಿ. ನಾ ಹೇಳ್ತೀನಿ." ಬಾಯಿ ಬಿಟ್ಟು ಏನಾದರೂ ಹೇಳಬೇಕಿತ್ತು ಅವರಿಗೆ. ನಾನು ಬೇಡ ಅನ್ನಲಿಲ್ಲ. ಅವರು ಬಾಯಿಪಾಠದಿಂದ ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ವಿ-ಮಗ, ಒಂದರಿಂದ ಸೊನ್ನೆಗೆ. ಮೈಕಿನ ರೆಸಿಸ್ಟರು. ಕೆಪಾಸಿಟರು, ಒಂದರಿಂದ ಎರಡಕ್ಕೆ. ಬ್ಯಾಟರಿ, ಟ್ರಾನ್ಸಿಸ್ಟರು. ಕೊನೆಗೆ ಆರ್-ಅವ್ವ, ಏಳರಿಂದ ಸೊನ್ನೆಗೆ. ಓಡಿಸಿದೆ.

ಯಂತ್ರ ಅವ್ವನ ಗಂಟಿನ ವೋಲ್ಟು ಓದಿತು. ಸೊನ್ನೆ. ಸೊನ್ನೆ. ಸೊನ್ನೆ. ಅವರು ಕೈ ಚಾಚಿಕೊಂಡೇ ಇದ್ದರು. ಕೈ ಏಳಲೂ ಇಲ್ಲ, ಇಳಿಯಲೂ ಇಲ್ಲ. ಸೊನ್ನೆ. ಸೊನ್ನೆ.

"ಇಲ್ಲೂ ಮುಟ್ಟಲಿಲ್ಲ" ಎಂದರು. ಆ ದನಿಯನ್ನು ನಾನು ಸಾಯುವತನಕ ಮರೆಯಲಾರೆ.

ನಾನು ಒಂದೊಂದು ಸಾಲನ್ನೂ ಮೂರು ಮೂರು ಸಲ ನೋಡಿದೆ. ಎಲ್ಲ ಅವರು ಹೇಳಿದಂತೆಯೇ ಇತ್ತು. ತಪ್ಪೇ ಇಲ್ಲದ ಕಡೆ ತಪ್ಪು ಹುಡುಕಿ ಕಣ್ಣು ಉರಿಯಿತು. ಇನ್ನೊಮ್ಮೆ ಓಡಿಸು ಎಂದರು. ಯಂತ್ರ ಮೊದಲಿನಿಂದ ಶುರು ಮಾಡಿತು: "ಸರ್ಕ್ಯೂಟ್, ವಿ-ಮಗ, ಒಂದು, ಸೊನ್ನೆ..."

"ತಡಿ" ಎಂದರು. "ಅಲ್ಲಿ ಶ್ರೀ ಅಂತಿತ್ತು. ಯಾಕ ಅನ್ನಲಿಲ್ಲ?"

"ಬರಿಲಿಲ್ರೀ. ಅತ್ತಿ ಹೋಗಿ ಇನ್ನ ಆರಾಧನಿ ಆಗಿಲ್ಲ."

ಅವರಿಗೆ ಆಗ ಹೊಳೆಯಿತು, ಬಿಡಿಸಿ ಹೇಳಿದರು. ಮೊದಲ ಸಾಲಲ್ಲಿ ಏನೇ ಇರಲಿ, ಪ್ರೋಗ್ರಾಮ್ ಅದನ್ನು ಸರ್ಕ್ಯೂಟಿನ ಹೆಸರು ಎಂದಷ್ಟೇ ತಿಳಿಯುತ್ತದೆ. ಕೂಗಿ ಹೇಳುತ್ತದೆ, ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಷ್ಟು ದಿನ ಆ ಜಾಗದಲ್ಲಿ ನನ್ನ ಶ್ರೀ ಕೂತು ಉಳಿದದ್ದನ್ನೆಲ್ಲ ಕಾಯ್ದಿತ್ತು. ಇಂದು ಶ್ರೀ ಇಲ್ಲದೆ, ಮಗನ ಸಾಲೇ ಮೇಲೆ ಬಂದು ಲೆಕ್ಕದಿಂದ ಬಿದ್ದುಹೋಗಿತ್ತು. ಉಳಿದದ್ದೆಲ್ಲ ಸರಿಯಿತ್ತು, ಅವ್ವನೂ ಇದ್ದಳು, ಮಾತಾಡುವ ಮಗನೇ ಇರಲಿಲ್ಲ.

"ಶ್ರೀ ಹಾಕ್ಲೇನ್ರಿ? ಯಾರ್ ನೋಡ್ತಾರ" ಎಂದೆ.

"ಬ್ಯಾಡ. ನಿನ್ನ ರೂಢಿ ಮುರೀಬ್ಯಾಡ. ಆದ್ರ ಆ ಜಾಗಾ ಖಾಲಿ ಇಡಂಗಿಲ್ಲ." ಅವರು ಲ್ಯಾಪ್‌ಟಾಪಿನ ಕಡೆ ಬಾಗಿದರು. "ಕನ್ನಡದಾಗ ಬರಿ. ಅವ್ವಾ, ನಿನ್ನ ಮಾತಿಗಲ್ಲ. ಅದಕ್ಕೂ ಮೊದ್ಲ ಹೋಗಿದ್ವು."

ಬರೆದೆ. ಅಕ್ಷರ ಕಾಣದಷ್ಟು ಕಣ್ಣು ತುಂಬಿತ್ತು, ಆದರೂ ಒಂದು ಒತ್ತಕ್ಷರವೂ ತಪ್ಪಲಿಲ್ಲ. ಮಗನ ಸಾಲನ್ನು ಅದರ ಕೆಳಗೆ ಇಳಿಸಿ ಓಡಿಸಿದೆ.

ಯಂತ್ರ ತನ್ನ ಏರಿಳಿತವಿಲ್ಲದ ದನಿಯಲ್ಲಿ ಕೂಗಿತು, "ಸರ್ಕ್ಯೂಟ್, ಅವ್ವಾ, ನಿನ್ನ ಮಾತಿಗಲ್ಲ. ಅದಕ್ಕೂ ಮೊದ್ಲ ಹೋಗಿದ್ವು." ಅದನ್ನು ಲೆಕ್ಕಕ್ಕೆ ಹಿಡಿಯದೆ ಮುಂದೆ ಹೋಯಿತು. ಆಮೇಲೆ ಅವ್ವನ ಗಂಟಿನ ಸಂಖ್ಯೆಗಳು ಏರಿದವು, ನಿಂತವು, ಇಳಿದವು. ನನ್ನ ಗಂಡ ಕೈ ಚಾಚಿ, ಅವುಗಳ ಜೊತೆ ಅಂಗೈಯನ್ನು ಮೇಲೆ ಕೆಳಗೆ ಆಡಿಸುತ್ತಾ, ಪಡಸಾಲೆಯ ಕಡೆ ಮುಖ ತಿರುಗಿಸಿ ಕೂತರು. ಈ ಸಲ ಆಚೀಚೆ ಆಗಿರಲಿಲ್ಲ. ಆಕೆ ಅಕ್ಕಿ ಆರಿಸುತ್ತಾ ಕೂರುತ್ತಿದ್ದ ಜಾಗದ ಕಡೆಗೇ ನೆಟ್ಟಗೆ ತಿರುಗಿದ್ದರು.